ಯೆರ್ಕಾ ಗಂಟೆ ಬಾರಿಸಿದ ಬೆಳಗು

ನೆವೆಂಕಾಳ ಕೂದಲು ಆ ಸಂಜೆ ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ತನ್ನ ಕೇಶಾಲಂಕಾರದ ಅಂಗಡಿಯಲ್ಲಿ ಯೆರ್ಕಾ ಸುರುಳಿ ಸುತ್ತಿದಳು, ಬಿಸಿಗಾಳಿ ಹಿಡಿದಳು, ಪಿನ್ನು ಚುಚ್ಚಿದಳು, ಮೇಲಿಂದ ಅರ್ಧ ಡಬ್ಬಿ ಸ್ಪ್ರೇ ಸುರಿದಳು. ಕನ್ನಡಿ ತೋರಿಸುವಷ್ಟರಲ್ಲಿ ಸುರುಳಿಗಳೆಲ್ಲ ಬಿಚ್ಚಿಕೊಂಡು ಬೆಂದ ಶ್ಯಾವಿಗೆಯ ಹಾಗೆ ಕೆನ್ನೆಗೆ ಅಂಟಿದ್ದವು.

"ಇದೇನೇ ಇದು? ನಾಳೆ ಮಾತೆಯ ಹಬ್ಬ. ಆಚೆ ದಡದ ಕಾಮೆನಿತ್ಸದ ಹೆಂಗಸರೆಲ್ಲ ಆಗ್ಲೇ ಬಂದು ಇಳಿದಿದಾರೆ. ಅವರ ಮುಂದೆ ನಾನು ಒದ್ದೆ ಬೆಕ್ಕಿನ ಹಾಗೆ ನಿಲ್ಬೇಕಾ?"

"ಒಂದು ಗಳಿಗೆ ಸುಮ್ನಿರೆ," ಎಂದಳು ಯೆರ್ಕಾ. ಕೂದಲಿನ ಒಂದು ಎಳೆಯನ್ನು ಬೆರಳ ನಡುವೆ ಹಿಡಿದು ನಿಧಾನವಾಗಿ ಉಜ್ಜಿದಳು. "ಬೆಳಿಗ್ಗೆ ಪಾದ್ರಿಗಳ ಅಕ್ಕನ ಕೂದಲೂ ಹೀಗೇ ಮಾಡ್ತು. ನಿನ್ನೆ ಹೀಗಿರ್ಲಿಲ್ಲ."

"ಅಂದ್ರೆ?"

ಯೆರ್ಕಾ ಮತ್ತೊಂದು ಪಿನ್ನು ಎತ್ತಿಕೊಂಡಳು. ಊರಿನ ಅರ್ಧದಷ್ಟು ತಲೆಗಳು ಅವಳ ಕೈಯಲ್ಲಿ ಪಳಗಿದವು. ತೆಂಕಣ ಗಾಳಿ ಯೂಗೊ ತಾನು ಬರುವ ಮುಂಚೆ ತನ್ನ ತೇವವನ್ನು ಮುಂದೆ ಕಳಿಸುತ್ತದೆ. ಆ ತೇವ ಮೊದಲು ತಾಕುವುದು ಉಪ್ಪಿನ ಡಬ್ಬಿಗೆ, ಆಮೇಲೆ ಹೆಂಗಸರ ತಲೆಗೆ. ಇದನ್ನು ಬಾಯಿಬಿಟ್ಟು ಹೇಳಿದರೆ ಮಾತ್ರ ಊರು ಹೊಟ್ಟೆ ಹಿಡಿದುಕೊಂಡು ನಗುತ್ತದೆ. ನಗಿಸಿದ್ದು ಹೋದ ವರ್ಷವೇ ಸಾಕಾಗಿತ್ತು.

ಹೋದ ವರ್ಷದ ಕತೆ ಹೇಳಬೇಕಾದರೆ ಸ್ಟಾರಾ ವಾಲದವರ ಕುತ್ತಿಗೆಯ ಕತೆ ಹೇಳಬೇಕು. ದ್ವೀಪದ ಈ ಊರಿಗೆ ಮುಂದೆ ತೆರೆದ ಕಡಲು, ಬೆನ್ನ ಹಿಂದೆ ಕಿರುಗಡಲಿನಾಚೆ ವೆಲೆಬಿತ್ ಬೆಟ್ಟ. ಇಲ್ಲಿ ಹುಟ್ಟಿದವರ ಕುತ್ತಿಗೆ ತೊಟ್ಟಿಲಿನಲ್ಲೇ ಬೆಟ್ಟದ ಕಡೆಗೆ ತಿರುಗಿಬಿಡುತ್ತದೆ. ಬೆಟ್ಟದ ನೆತ್ತಿಗೆ ಬಿಳಿ ಮೋಡದ ಟೊಪ್ಪಿ ಬಿತ್ತೋ, ಹೆಂಚು ಕಿತ್ತು ದೋಣಿ ಮಗುಚುವ ಬುರಾ ಗಾಳಿ ಕೆಳಗಿಳಿಯುತ್ತದೆ. ಟೊಪ್ಪಿ ಇಲ್ಲವೋ, ಎಲ್ಲ ಕ್ಷೇಮ. ಮದುವೆ, ದ್ರಾಕ್ಷಿ ಕೊಯ್ಲು, ಬಟ್ಟೆ ಒಗೆತ ಎಲ್ಲಕ್ಕೂ ಬೆಟ್ಟದ ಅಪ್ಪಣೆ ಬೇಕು. ಎದುರಿಗೆ ಅಷ್ಟು ದೊಡ್ಡ ಕಡಲು ಬಿದ್ದಿದ್ದರೂ ಅತ್ತ ತಿರುಗಿ ನೋಡುವವರು ಪ್ರವಾಸಿಗರು ಮಾತ್ರ.

ಹಬ್ಬದ ದಿನ ದ್ವೀಪದ ಹೆಂಗಸರಿಗೂ ಬೆಟ್ಟದ ಬುಡದ ಕಾಮೆನಿತ್ಸದ ಹೆಂಗಸರಿಗೂ ಕಯಾಕ್ ಪಂದ್ಯ. ಎರಡೂ ಕಡೆ ಆರಾರು ಮಂದಿ, ಒಬ್ಬೊಬ್ಬರಿಗೆ ಒಂದೊಂದು ದೋಣಿ. ದಕ್ಷಿಣಕ್ಕೆ ಹೋಗಿ ಮುದುಕಿ ಅನ್ನುವ ನಡುಗಡ್ಡೆ ಸುತ್ತಿಕೊಂಡು ಬರಬೇಕು. ಮೊದಲು ಬಂದವಳಿಗೆ ಇಲ್ಲಿ ಯಾವ ಬೆಲೆಯೂ ಇಲ್ಲ. ಯಾವ ಊರಿನ ಕೊನೆಯ ದೋಣಿ ಮೊದಲು ದೋಣಿ ಕಟ್ಟುವ ಧಕ್ಕೆ ಮುಟ್ಟುತ್ತದೋ ಆ ಊರಿಗೆ ಬಹುಮಾನದ ಬಟ್ಟಲು. ಹಿಂದುಳಿದವಳನ್ನು ಬಿಟ್ಟು ಬಂದವರು ಗೆದ್ದರೂ ಸೋತಂತೆಯೇ. ಹೊರಡುವ ಹೊತ್ತನ್ನು ಹೇಳುವುದು ದ್ವೀಪದ ತಂಡದ ನಾಯಕಿ. ಧಕ್ಕೆಯ ಮೇಲಿನ ಪುಟ್ಟ ಗುಡಿಯ ಗಂಟೆಯನ್ನು ಅವಳು ಬಾರಿಸಿದರೆ ದೋಣಿ ನೀರಿಗೆ, ಬಾರಿಸದಿದ್ದರೆ ಪಂದ್ಯವಿಲ್ಲ. ಪಾದ್ರಿಯೂ ಪಟೇಲನೂ ಅದಕ್ಕೆ ಎದುರಾಡುವಂತಿಲ್ಲ.

ಹೋದ ವರ್ಷ ನಾಯಕಿಯಾಗಿ ಯೆರ್ಕಾ ಮೊದಲ ಸಲ ಗಂಟೆಯ ಹಗ್ಗದ ಹತ್ತಿರ ನಿಂತಿದ್ದಳು. ಬೆಟ್ಟಕ್ಕೆ ಟೊಪ್ಪಿ ಬಿದ್ದಿತ್ತು. ಅವಳು ಬಾರಿಸಲಿಲ್ಲ. ಬುರಾ ಏನು ಮಾಡಿತು? ಉತ್ತರದ ಕಡೆ ಜಾರಿಕೊಂಡು ಬೇರೆ ಊರಿನ ಹೆಂಚು ಹಾರಿಸಿತು! ಸ್ಟಾರಾ ವಾಲದ ಕಡಲು ಇಡೀ ದಿನ ತಟ್ಟೆಯಲ್ಲಿಟ್ಟ ಎಣ್ಣೆಯ ಹಾಗೆ ಅಲ್ಲಾಡದೆ ಮಲಗಿತ್ತು. ಬಟ್ಟಲು ಪಂದ್ಯವಿಲ್ಲದೆಯೇ ಕಾಮೆನಿತ್ಸದಲ್ಲಿ ಉಳಿಯಿತು. ಅಂದಿನಿಂದ ಅವಳ ಹೆಸರು ಟೊಪ್ಪಿ ಯೆರ್ಕಾ. ಬೇಕರಿಯವಳು ಬ್ರೆಡ್ಡು ಕೊಡುವಾಗಲೂ ತಲೆ ಮುಟ್ಟಿ ನೋಡಿಕೊಂಡು ಕಿಸಕ್ಕೆಂದು ನಗುತ್ತಿದ್ದಳು.

ಆ ಅವಮಾನದಿಂದ ಒಂದು ಒಳ್ಳೆಯದಾಯಿತು. ಬೆಟ್ಟದ ಮೇಲೆ ಯೆರ್ಕಾಳಿಗೆ ಕೋಪ ಬಂತು. ಆ ಕೋಪದಲ್ಲಿ ಅವಳು ವರ್ಷವಿಡೀ ದಿನಾ ಬೆಳಿಗ್ಗೆ ಊರಾಚೆಯ ಮೂಲೆಗೆ ನಡೆದುಹೋಗಿ, ಬೆಟ್ಟಕ್ಕೆ ಬೆನ್ನು ಹಾಕಿ, ಕಡಲನ್ನೇ ನೋಡಿಕೊಂಡು ನಿಂತಳು.

ನೆವೆಂಕಾಳ ಕೂದಲು ಅವಳ ಕೈಯಲ್ಲಿ ಇನ್ನೂ ಇರುವಾಗಲೇ ಬಾಗಿಲಲ್ಲಿ ಶಿಮೆ ಕಾಣಿಸಿಕೊಂಡ. ಯೆರ್ಕಾಳ ಗಂಡನ ತಮ್ಮ, ಧಕ್ಕೆಯ ಮೇಲಿನ ಹೋಟೆಲಿನ ಯಜಮಾನ, ಹಬ್ಬದ ಕಮಿಟಿಯ ಅಧ್ಯಕ್ಷ. ಹೊಟ್ಟೆ ಮೊದಲು ಒಳಗೆ ಬಂತು, ಆಮೇಲೆ ಅವನು.

"ಅತ್ತಿಗೆ, ಕಮಿಟಿ ಒಂದು ತೀರ್ಮಾನ ಮಾಡಿದೆ."

"ಕಮಿಟಿ ಅಂದ್ರೆ ಯಾರಪ್ಪಾ?"

"ನಾನು, ಮತ್ತೆ ನನ್ನ ಮಾತು ಕೇಳೋರು. ನಾಳೆ ಪೂಜೆ ಮುಗಿದ ಮೇಲೆ, ನಡು ಮಧ್ಯಾಹ್ನ, ನೀವು ಗಂಟೆ ಬಾರಿಸ್ತೀರಿ. ಬಾರಿಸದಿದ್ರೆ ಬರೋ ವರ್ಷದಿಂದ ಹಗ್ಗ ನನ್ನ ಕೈಗೆ. ಧಕ್ಕೆ ತುಂಬ ಮೇಜು ಹಾಕಿಸ್ತಿದೀನಿ, ಬ್ಯಾಂಡ್ ಬರ್ತಿದೆ, ಕುರಿಮರಿ ಸುಡೋಕೆ ಇಟ್ಟಾಗಿದೆ. ಈ ಸಲವೂ ಟೊಪ್ಪಿ ಅಂತ ಕೂತ್ರೆ ಊರು ನಿಮ್ಮನ್ನ ಬಿಡಲ್ಲ."

"ಬೆಟ್ಟ ಹೇಗಿದೆ?" ನೆವೆಂಕಾ ಕೇಳಿದಳು.

"ತೊಳೆದಿಟ್ಟ ಹಾಗಿದೆ! ಒಂದು ಎಳೆ ಮೋಡ ಇಲ್ಲ."

"ನಿನ್ನ ಹೋಟೆಲಿನ ಗೋಡೆ ಮೇಲಿರೋ ಗಾಳಿ ಒತ್ತಡ ಅಳೆಯೋ ಯಂತ್ರ ಏನನ್ನುತ್ತೆ, ಶಿಮೆ?" ಯೆರ್ಕಾ ಕೇಳಿದಳು.

"ಅಪ್ಪನ ಕಾಲದ್ದು ಅದು. ಮುಳ್ಳು ಇಳೀತಾ ಇದೆ. ಇಳೀಲಿ ಬಿಡಿ, ಅದಕ್ಕೂ ವಯಸ್ಸಾಯ್ತು." ಅವನು ಹಲ್ಲು ಕಿರಿದು ಹೊರಟುಹೋದ.

ಹಗ್ಗ ಶಿಮೆಯ ಕೈಗೆ ಹೋದರೆ ಏನಾಗುತ್ತದೆಂದು ಯೆರ್ಕಾಳಿಗೆ ಗೊತ್ತಿತ್ತು. ಅವನು ಕಡಲನ್ನು ನೋಡುವುದೇ ಹೋಟೆಲಿನ ಮೇಜುಗಳ ಸಾಲಿನ ಮೇಲಿಂದ. ಮೇಜು ತುಂಬಿದ ದಿನ ಅವನು ಬಾರಿಸಿಯೇ ಬಾರಿಸುತ್ತಾನೆ. ಎಂದಾದರೊಂದು ವರ್ಷ ಆ ಗಂಟೆ ಕೇಳಿ ಹೋದ ಹೆಣ್ಣುಮಗಳೊಬ್ಬಳು ಹಿಂದಿರುಗುವುದಿಲ್ಲ. ಹಗ್ಗ ತನ್ನ ಕೈಯಲ್ಲೇ ಉಳಿಯಬೇಕು. ಉಳಿಯಬೇಕಾದರೆ ನಾಳೆ ತಾನು ಬಾರಿಸಲೇಬೇಕು, ಬಾರಿಸಿದ ಹೊತ್ತೂ ಸರಿಯಾಗಿರಬೇಕು. ಬೇರೆ ದಾರಿಯೇ ಇರಲಿಲ್ಲ.

ಮಾರನೆಯ ದಿನ ಬೆಳಕು ಹರಿಯುವಾಗ ಅವಳು ಮೂಲೆಯ ಬಂಡೆಯ ಮೇಲಿದ್ದಳು. ಗಾಳಿಯ ಸುಳಿವಿಲ್ಲ. ನೀರಿನ ಮೇಲೆ ಒಂದು ಸುಕ್ಕೂ ಇಲ್ಲ. ನೋಡಿದವರು ಇದಕ್ಕಿಂತ ಒಳ್ಳೆಯ ದಿನ ಬೇಕೇ ಅನ್ನಬೇಕು. ಆದರೆ ಆ ನುಣುಪು ನೀರು ಉಸಿರಾಡುತ್ತಿತ್ತು. ದಕ್ಷಿಣದಿಂದ ಉದ್ದುದ್ದನೆಯ ಉಬ್ಬುಗಳು, ನೊರೆಯಿಲ್ಲದೆ, ಸದ್ದಿಲ್ಲದೆ ಬಂದು ಬಂಡೆಯನ್ನು ಏರಿ ನಿನ್ನೆ ಒಣಗಿದ್ದ ಜಾಗವನ್ನು ಒದ್ದೆ ಮಾಡಿ ಇಳಿದುಹೋಗುತ್ತಿದ್ದವು. ಇಲ್ಲಿಯವರು ಇದನ್ನು ಸತ್ತ ಅಲೆ ಅನ್ನುತ್ತಾರೆ. ಸತ್ತದ್ದು ಇಲ್ಲಿಗೆ ಮಾತ್ರ. ಅದನ್ನು ಎಬ್ಬಿಸಿದ ಗಾಳಿ ದೂರದಲ್ಲೆಲ್ಲೋ ಬದುಕಿದೆ, ಇತ್ತಲೇ ಹೊರಟಿದೆ.

ಅಲೆಯನ್ನು ಅಳೆಯಲು ಅವಳ ಹತ್ತಿರ ಒಂದೇ ಕೋಲು, ಊರಿನ ಹಳೆಯ ಮೀನುಗಾರರದ್ದು. ಒಂದು ಉಬ್ಬು ಬಂಡೆಗೆ ತಾಕಿದಾಗ ನಮೋ ಮರಿಯ ಪ್ರಾರ್ಥನೆ ಶುರು ಮಾಡುವುದು, ಮುಂದಿನದು ತಾಕಿದಾಗ ನಿಲ್ಲಿಸುವುದು. ನಿನ್ನೆ ಅರ್ಧಕ್ಕೇ ನಿಂತಿತ್ತು. ಇವತ್ತು ಆಮೆನ್ ಅಂದಮೇಲೂ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಉಳಿಯಿತು. ಮತ್ತೆ ಹೇಳಿದಳು. ಮತ್ತೂ ಹೇಳಿದಳು. ಅಷ್ಟು ಬಿಡುವು ಬಿಟ್ಟು ಬರುವ ಅಲೆ ಸಣ್ಣ ಗಾಳಿಯ ಕೂಸಲ್ಲ.

ಪಡುವಣ ಆಕಾಶದ ಅಂಚು ಹಾಲು ಚೆಲ್ಲಿದ ಹಾಗೆ ಮಂಕಾಗಿತ್ತು. ಫೋನಿನಲ್ಲಿ ಹವಾಮಾನದವರು ಮಧ್ಯಾಹ್ನ ಗುಡುಗಿರಬಹುದು ಎಂದಿದ್ದರು. ಬೇಸಿಗೆಯಲ್ಲಿ ಅವರು ದಿನಾ ಅದನ್ನೇ ಹೇಳುವುದರಿಂದ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕೂದಲು, ಇಳಿಯುವ ಮುಳ್ಳು, ಅಲೆ, ಆಕಾಶ, ಫೋನು, ಎಲ್ಲ ಒಂದೇ ಮಾತು ಹೇಳುತ್ತಿವೆ. ಬೆಟ್ಟ ಒಂದೇ ಬಾಯಿ ಮುಚ್ಚಿಕೊಂಡಿದೆ. ಮಧ್ಯಾಹ್ನದ ಹೊತ್ತಿಗೆ ಪಡುವಣದಿಂದ ನೆವೆರಾ ಬರುತ್ತದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಡಲನ್ನು ಬುಡಮೇಲು ಮಾಡುವ ಬಿರುಗಾಳಿ ಅದು. ಆಗ ಹನ್ನೆರಡು ಹೆಂಗಸರು ಮುದುಕಿಯ ಹತ್ತಿರ ಇದ್ದರೆ?

ಬಾರಿಸದೆ ಇದ್ದರೆ ಹಗ್ಗ ಹೋಯಿತು. ಮಧ್ಯಾಹ್ನ ಬಾರಿಸಿದರೆ ಜೀವ ಹೋದೀತು. ಹಾಗಾದರೆ ಈಗಲೇ? ನೀರು ನುಣುಪಾಗಿದೆ, ಅಲೆ ಎತ್ತುತ್ತದೆ ಆದರೆ ಒಡೆಯುವುದಿಲ್ಲ, ಗಾಳಿ ಇನ್ನೂ ದೂರ. ಹೋಗಿ ಬರಲು ಹೊತ್ತು ಧಾರಾಳವಾಗಿದೆ. ಇದರಲ್ಲೂ ಒಂದು ಮುಳ್ಳಿತ್ತು. ಕಾಮೆನಿತ್ಸದವರು ಮರೆಯ ನೀರಿನಲ್ಲಿ ಬೆಳೆದವರು, ಗಾಳಿಯಿಲ್ಲದ ದಿನ ಅವರ ತೋಳಿಗೆ ಎದುರಿಲ್ಲ. ದ್ವೀಪದವರು ಗೆಲ್ಲುವುದೇ ಮಧ್ಯಾಹ್ನದ ಗಾಳಿ ಎದ್ದು ನೀರು ಕುದಿಯುವಾಗ. ಈಗ ಬಾರಿಸುವುದೆಂದರೆ ಬಟ್ಟಲನ್ನು ತಾನೇ ಅವರ ಕೈಗೆ ಎತ್ತಿ ಕೊಟ್ಟಂತೆ.

'ಕೊಟ್ಟರೆ ಕೊಟ್ಟೆ,' ಎಂದುಕೊಂಡಳು. ತಿರುಗಿದವಳು ಮತ್ತೊಮ್ಮೆ ಆ ಉಬ್ಬುಗಳನ್ನು ನೋಡಿದಳು. ಅವು ದಕ್ಷಿಣದಿಂದ ಬಂದು ಊರಿನ ಕಡೆಗೇ ಹೋಗುತ್ತಿದ್ದವು. ಅವಳ ತುಟಿಯಂಚಿನಲ್ಲಿ ಸಣ್ಣ ನಗು ಬಂತು.

ಗುಡಿಯ ಹತ್ತಿರ ಬಂದು ನೋಡಿದರೆ ಹಗ್ಗವೇ ಕೈಗೆ ಸಿಗುತ್ತಿಲ್ಲ! ಶಿಮೆ ರಾತ್ರಿಯೇ ಅದನ್ನು ಮೇಲೆತ್ತಿ ಗಂಟೆಯ ಪಕ್ಕದ ಕೊಕ್ಕೆಗೆ ಸುತ್ತಿ ಕಟ್ಟಿದ್ದ. ಅತ್ತಿಗೆ ಮಧ್ಯಾಹ್ನದ ಮುಂಚೆ ಅದನ್ನು ಮುಟ್ಟದಿರಲಿ ಎಂದು. ಯೆರ್ಕಾ ಎರಡು ಸಲ ಕುಪ್ಪಳಿಸಿದಳು. ಮೂರನೆಯ ಸಲ ಕುಪ್ಪಳಿಸಿದಾಗ ಹಿಂದಿನಿಂದ ನೆವೆಂಕಾಳ ಧ್ವನಿ ಬಂತು.

"ಬೆಳಬೆಳಿಗ್ಗೆ ಏನೇ ಇದು, ಕಪ್ಪೆ ಕುಣಿತ?"

"ಅಂಗಡಿಯಿಂದ ಸ್ಟೂಲ್ ತಗೊಂಡು ಬಾ."

"ಯಾಕೆ?"

"ಈಗ್ಲೇ ಹೊರಡ್ಬೇಕು. ಮಧ್ಯಾಹ್ನ ನೆವೆರಾ ಇದೆ."

ನೆವೆಂಕಾ ಬೆಟ್ಟ ನೋಡಿದಳು, ಕಡಲು ನೋಡಿದಳು, ಕೊನೆಗೆ ಗೆಳತಿಯ ಮುಖ ನೋಡಿದಳು. "ನಿನಗೆ ತಲೆ ಕೆಟ್ಟಿದೆಯಾ? ಈ ಚಪ್ಪಟೆ ನೀರಲ್ಲಿ ಆ ಕಾಮೆನಿತ್ಸದ ಕಾತಾ ನಮ್ಮನ್ನ ಮೀನು ಸುಲಿದ ಹಾಗೆ ಸುಲಿದು ಹಾಕ್ತಾಳೆ!"

"ಸುಲಿಯಲಿ. ಮುಳುಗಿ ಸಾಯೋದಕ್ಕಿಂತ ಅದು ವಾಸಿ. ಸ್ಟೂಲ್ ತರ್ತೀಯೋ ಇಲ್ವೋ?"

ಗೊಣಗುತ್ತಲೇ ಹೋದ ನೆವೆಂಕಾ ಕೂದಲು ಕತ್ತರಿಸುವಾಗ ಕೂರಿಸುವ ಎತ್ತರದ ತಿರುಗು ಸ್ಟೂಲನ್ನು ಉರುಳಿಸಿಕೊಂಡು ಬಂದಳು. ಅದರ ಮೇಲೆ ನಿಂತ ಯೆರ್ಕಾ ಅರ್ಧ ಸುತ್ತು ಅತ್ತ ತಿರುಗಿ, ಅರ್ಧ ಸುತ್ತು ಇತ್ತ ತಿರುಗಿ, ಕೊನೆಗೆ ನೆವೆಂಕಾಳ ತಲೆಯನ್ನೇ ಊರುಗೋಲಾಗಿ ಹಿಡಿದು ಹಗ್ಗ ಬಿಚ್ಚಿದಳು. ಬಾರಿಸಿದಳು. ವರ್ಷವಿಡೀ ನುಂಗಿಕೊಂಡಿದ್ದ ಮಾತನ್ನೆಲ್ಲ ಆ ಗಂಟೆಗೆ ಸುರಿದು ಬಾರಿಸಿದಳು.

ಊರು ಎದ್ದು ಬಂತು. ಕೆಲವರು ರಾತ್ರಿ ಉಡುಪಿನಲ್ಲೇ ಬಂದರು. ಡಾನ್ ಬ್ಲಾಜ್ ಪಾದ್ರಿಗಳು ಕೆನ್ನೆಗೆ ಹಚ್ಚಿದ ಸೋಪಿನ ಸಮೇತ ಬಂದರು. ಶಿಮೆ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದ.

"ಅತ್ತಿಗೆ! ಪೂಜೆಗೆ ಮುಂಚೆ ಯಾರಾದ್ರೂ ಬಾರಿಸ್ತಾರಾ? ಬ್ಯಾಂಡಿನವರು ಇನ್ನೂ ಹಾಸಿಗೇಲಿದಾರೆ! ಜನ ಬರೋದು ಹನ್ನೊಂದರ ಹಡಗಿಗೆ! ಬೆಟ್ಟ ನೋಡಿ, ಬೆಟ್ಟ!"

"ಬೆಟ್ಟ ನೋಡಿದ್ದು ಸಾಕಾಯ್ತು ಶಿಮೆ. ಮಧ್ಯಾಹ್ನ ನೆವೆರಾ ಬರುತ್ತೆ, ಹಿಂದೆ ತಿರುಗಿ ಕಡಲು ನೋಡು."

"ಕಡಲಿಗೇನಾಗಿದೆ? ಎಣ್ಣೆ ಇದ್ದ ಹಾಗಿದೆ."

"ಎಣ್ಣೆ ಕಾಯ್ತಾ ಇದೆ."

ಪಾದ್ರಿಗಳು ಸೋಪು ಒರೆಸಿಕೊಂಡರು. "ಯೆರ್ಕಾ, ದೇವರಿಗಿಂತ ಮುಂಚೆ ದೋಣಿಯಾ?"

"ಫಾದರ್, ನಾವು ವಾಪಸ್ ಬಂದು ಪೂಜೆ ಕೇಳ್ತೀವಿ. ಪೂಜೆ ಕೇಳಿ ಹೋದ್ರೆ ನೀವು ಇನ್ನೊಂದು ಥರದ ಪೂಜೆ ಹೇಳ್ಬೇಕಾಗುತ್ತೆ."

ಪಾದ್ರಿಗಳು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ಕಾಮೆನಿತ್ಸದ ನಾಯಕಿ ಕಾತಾ, ಕುಸ್ತಿಯವನ ಭುಜದವಳು, ಆಗಲೇ ಲೈಫ್ ಜಾಕೆಟ್ ಬಿಗಿಯುತ್ತಿದ್ದಳು. ಅವಳ ಮುಖ ಹಬ್ಬದ ಊಟ ಬಡಿಸಿದ ಹಾಗೆ ಅರಳಿತ್ತು.

"ಗಂಟೆ ಹೊಡೆದ ಮೇಲೆ ಮಾತೆಂಥದ್ದು? ಹೋದ ವರ್ಷ ಬಟ್ಟಲು ಪುಕ್ಕಟೆ ಕೊಟ್ಟೆ, ಈ ವರ್ಷ ನೀರನ್ನೂ ಇಸ್ತ್ರಿ ಮಾಡಿ ಕೊಡ್ತಿದೀಯಲ್ಲ ಯೆರ್ಕಾ, ನಿನ್ನ ಹೊಟ್ಟೆ ತಣ್ಣಗಿರಲಿ!"

ಕಾಮೆನಿತ್ಸದವರು ಗೊಳ್ಳೆಂದರು. ದ್ವೀಪದ ಹುಡುಗಿಯರು, ಶಿಮೆಯ ಮಗಳೂ ಸೇರಿ, ತಲೆ ತಗ್ಗಿಸಿದರು. ಯೆರ್ಕಾ ಎರಡೂ ತಂಡಗಳನ್ನು ಹತ್ತಿರ ಕರೆದಳು.

"ಎರಡು ಮಾತು, ಎಲ್ಲರಿಗೂ. ಮುದುಕಿ ತಲುಪೋ ಮುಂಚೆ ಮುಖಕ್ಕೆ ಗಾಳಿ ತಾಕಿದ್ರೆ ನಾನು ಹುಟ್ಟು ಎತ್ತಿ ಹಿಡೀತೀನಿ. ಆಗ ಎಲ್ಲರೂ ಅಲ್ಲಿಂದಲೇ ವಾಪಸ್, ಸೋಲು ಗೆಲುವು ಏನೂ ಇಲ್ಲ. ಇನ್ನೊಂದು, ಮುದುಕಿಯನ್ನ ದೂರದಿಂದ ಸುತ್ತಿ. ಈ ಅಲೆ ಬಂಡೆಗೆ ಬಡಿದು ವಾಪಸ್ ಬರುತ್ತೆ, ಹತ್ತಿರ ಹೋದ್ರೆ ಬರೋ ಅಲೆಗೂ ಹೋಗೋ ಅಲೆಗೂ ನಡುವೆ ಸಿಕ್ಕಿ ಹಾಕ್ಕೋತೀರಿ."

"ದೂರ ಸುತ್ತಿಸಿ ನಮಗೆ ಸುಸ್ತು ಮಾಡಿಸೋ ಉಪಾಯ ಚೆನ್ನಾಗಿದೆ," ಎಂದು ಕಾತಾ ಕಣ್ಣು ಹೊಡೆದಳು.

ದೋಣಿಗಳು ನೀರಿಗಿಳಿದವು. ರಕ್ಷಣೆಗೆಂದು ನೆವೆಂಕಾಳ ಗಂಡನ ಮೋಟಾರು ದೋಣಿ ಹಿಂದೆ ಹೊರಟಿತು.

ಮೊದಮೊದಲು ಆಗಬೇಕಾದ್ದೇ ಆಯಿತು. ಕಾಮೆನಿತ್ಸದ ಆರು ದೋಣಿಗಳು ಒಂದೇ ಕೈಯಲ್ಲಿ ಹುಟ್ಟು ಹಾಕಿದಂತೆ ಹಾರಿಹೋದವು. ಯೆರ್ಕಾ ತನ್ನವರನ್ನು ಅವಸರಪಡಿಸಲಿಲ್ಲ. ನೆವೆಂಕಾ ತಂಡದಲ್ಲೇ ಭಾರದವಳು, ನಿಧಾನದವಳು. ಅವಳನ್ನು ನಡುವೆ ಇಟ್ಟುಕೊಂಡು ಎಲ್ಲರೂ ಒಂದೇ ಹೆಜ್ಜೆಯಲ್ಲಿ ಸಾಗಿದರು. ಊರಿನ ಮೂಲೆ ದಾಟಿದ್ದೇ ತಡ, ಉಬ್ಬುಗಳು ಎದುರಾದವು. ದೋಣಿಯ ಮೂತಿ ಮೇಲೇರುತ್ತಿತ್ತು, ಅಲ್ಲಿಂದ ಮುದುಕಿ ನಡುಗಡ್ಡೆ, ಮುಂದಿನ ದೋಣಿಗಳು ಎಲ್ಲ ಕಾಣುತ್ತಿದ್ದವು. ಮರುಕ್ಷಣ ಇಳಿದರೆ ಸುತ್ತ ನೀರಿನ ಗೋಡೆ ಬಿಟ್ಟು ಏನೂ ಇಲ್ಲ. ಗಾಳಿಯಿಲ್ಲದ ಆ ಮೌನದಲ್ಲಿ ಅಷ್ಟು ದೊಡ್ಡ ಏರಿಳಿತ ಹೊಟ್ಟೆ ತೊಳೆಸುವಂತಿತ್ತು.

"ಯೆರ್ಕಾ, ಇದು ಗುಡ್ಡ ಹತ್ತಿ ಇಳಿದ ಹಾಗಾಗ್ತಿದೆ ಕಣೇ!"

"ಹತ್ತುವಾಗ ಬಗ್ಗಿ ನಿಧಾನಕ್ಕೆ ಹಾಕು. ಜೀವ ತೇಯಬೇಡ. ಬರುವಾಗ ಬೇಕಾಗುತ್ತೆ."

ಯೆರ್ಕಾಳ ಗಮನವೆಲ್ಲ ತನ್ನ ಕೆನ್ನೆಯ ಮೇಲಿತ್ತು. ಪ್ರತಿ ಉಬ್ಬಿನ ತಲೆಯ ಮೇಲೂ ಗಾಳಿ ತಾಕಿತೇ ಎಂದು ಕಾದಳು. ತಾಕಲಿಲ್ಲ. ಮುಂದೆ ಹೋದಂತೆ ಕಾಮೆನಿತ್ಸದ ದೋಣಿಗಳ ಸಾಲು ಚೆದುರತೊಡಗಿತು. ಅವರ ಊರಿನ ಮರೆಯ ನೀರಿಗೆ ಇಂಥ ಅಲೆ ಎಂದೂ ಒಳಗೆ ಬಂದದ್ದಿಲ್ಲ. ಒಬ್ಬಳು ಹುಟ್ಟು ನಿಲ್ಲಿಸಿ ಬಾಯಿ ಮುಚ್ಚಿಕೊಂಡಿದ್ದಳು. ಉಳಿದವರು ಅವಳಿಗಾಗಿ ಕಾಯಲೇಬೇಕು, ನಿಯಮವೇ ಹಾಗೆ.

ಕಾದು ಕಳೆದ ಹೊತ್ತನ್ನು ತುಂಬಿಕೊಳ್ಳಲು ಕಾತಾ ಮುದುಕಿಯನ್ನು ಹತ್ತಿರದಿಂದ ಸುತ್ತಲು ಹೊರಟಳು. ಹೇಳಿದ ಮಾತು ಕೇಳಿದ್ದರೆ ಅವಳು ಕಾತಾ ಹೇಗಾಗುತ್ತಿದ್ದಳು! ಬಂಡೆಯ ಬುಡದಲ್ಲಿ ಬರುವ ಅಲೆಯೂ ಹಿಂದಿರುಗುವ ಅಲೆಯೂ ಡಿಕ್ಕಿ ಹೊಡೆದು ನೀರು ಗೋಪುರಗಳಂತೆ ನೆಟ್ಟಗೆ ಎದ್ದು ಬೀಳುತ್ತಿತ್ತು. ದೋಣಿಗಳು ಅತ್ತ ಇತ್ತ ಹೊಯ್ದಾಡಿದವು. ಮುಂದೆ ಹೋಗಲಾಗದೆ, ತಿರುಗಿಸಲೂ ಆಗದೆ, ಆರು ಮಂದಿ ಹಿಂದಕ್ಕೆ ಹುಟ್ಟು ಹಾಕುತ್ತ ಒಬ್ಬರನ್ನೊಬ್ಬರು ಬೈದುಕೊಳ್ಳತೊಡಗಿದರು.

"ದೂರ ಹೋಗಿ ಅಂದಿರಲಿಲ್ವೇನೇ ಅವಳು!" ಎಂದು ಕಾತಾಳ ತಂಗಿಯೇ ಕಿರುಚಿದ್ದು ಯೆರ್ಕಾಳಿಗೆ ಸ್ಪಷ್ಟವಾಗಿ ಕೇಳಿಸಿತು.

ಯೆರ್ಕಾ ನಿಂತಳು. ಅವರು ಬಂಡೆಗೆ ಸಿಕ್ಕಿದರೆ ಪಂದ್ಯ ಹಾಳಾಗಲಿ, ಮೊದಲು ಎಳೆದು ತರಬೇಕು. "ಕಾತಾ! ಎಡಕ್ಕೆ! ದೊಡ್ಡದು ಹೋದ ಮೇಲೆ ಸಣ್ಣವು ಬರುತ್ವೆ, ಆಗ ಹಾಕಿ! ಈಗ ಬೇಡ... ಈಗ ಬೇಡ... ಹಾಂ, ಈಗ!" ಆರೂ ಹುಟ್ಟುಗಳು ಒಟ್ಟಿಗೆ ಬಿದ್ದವು. ಆರೂ ದೋಣಿಗಳು ಬಯಲು ನೀರಿಗೆ ಬಂದವು. ಕಾತಾಳ ಮುಖದಲ್ಲಿ ನಗುವಿರಲಿಲ್ಲ. ಅವಳು ಯೆರ್ಕಾಳ ಕಡೆ ನೋಡಿ ತಲೆ ಬಾಗಿಸಿದಳು, ಅಷ್ಟೆ.

ಮುದುಕಿಯ ಆಚೆ ಬದಿಗೆ ಹನ್ನೆರಡು ದೋಣಿಗಳೂ ಹೆಚ್ಚುಕಡಿಮೆ ಒಟ್ಟಿಗೆ ತಿರುಗಿದವು. ತಿರುಗಿದ ಹೊತ್ತಿಗೇ ಯೆರ್ಕಾಳ ಕತ್ತಿನ ಹಿಂಭಾಗಕ್ಕೆ ಬೆಚ್ಚಗೆ, ಒದ್ದೆಯಾಗಿ, ಯಾರೋ ಊದಿದ ಹಾಗೆ ತಾಕಿತು. ಯೂಗೊ! ಬಂತು, ಹೊರಟಿದೆ. ಆದರೆ ಈಗ ಮೂತಿ ಮನೆಯ ಕಡೆಗಿತ್ತು.

"ಹುಡುಗೀರಾ, ಈಗ ನಮ್ಮ ಕೆಲಸ! ಬೆನ್ನ ಹಿಂದೆ ಎತ್ತುವಾಗ ಗಟ್ಟಿಯಾಗಿ ಹಾಕಿ, ಅಲೆ ಹೊತ್ಕೊಂಡ ಮೇಲೆ ಕೈ ಬಿಡಿ. ಅದು ಹೊರಲಿ!"

ಬೆಳಿಗ್ಗೆ ಅವಳ ತುಟಿಗೆ ನಗು ತಂದದ್ದು ಇದೇ. ಎಚ್ಚರಿಕೆ ಹೇಳಲು ಬಂದ ಅಲೆಯೇ ಮನೆಗೆ ಹೊತ್ತು ಒಯ್ಯುವ ಕುದುರೆಯೂ ಆಗಿತ್ತು. ದೋಣಿಯ ಬಾಲ ಎದ್ದಿತು, ಯೆರ್ಕಾ ಮೈಯೆಲ್ಲ ತೋಳು ಮಾಡಿಕೊಂಡು ಹುಟ್ಟು ಎಳೆದಳು, ಅಲೆ ಅವಳನ್ನು ಎತ್ತಿಕೊಂಡು ಓಡಿತು. ಎರಡೂ ಬದಿಗೆ ನೀರು ಸುಯ್ಯೆಂದಿತು. ತೀರಾ ಆಶ್ಚರ್ಯವೆಂದರೆ ನೆವೆಂಕಾ! ಅವಳ ಭಾರವೇ ಈಗ ಅವಳಿಗೆ ವರವಾಯಿತು. ಇಳಿಜಾರಿನಲ್ಲಿ ಉರುಳುವ ಪೀಪಾಯಿಯ ಹಾಗೆ ಎಲ್ಲರನ್ನೂ ಹಿಂದೆ ಹಾಕಿ ಹೋದಳು.

"ಯೆರ್ಕಾಆಆ! ನಿಲ್ಲಿಸೋದು ಹೇಗೇ ಇದನ್ನ?"

"ನಿಲ್ಲಿಸಬೇಡ್ವೇ ತಾಯಿ! ಧಕ್ಕೆ ಬಂದಾಗ ಅದೇ ನಿಲ್ಲುತ್ತೆ!"

ಕಾಮೆನಿತ್ಸದವರು ಬಿಡದೆ, ಏರುವಾಗಲೂ ಇಳಿಯುವಾಗಲೂ ಒಂದೇ ಸಮ ಹುಟ್ಟು ಹಾಕಿದರು. ಅವರು ಅಲೆಯ ಜೊತೆ ಜಗಳವಾಡಿಕೊಂಡು ಬಂದರು, ಇವರು ಅಲೆಯ ಹೆಗಲೇರಿ ಬಂದರು. ದ್ವೀಪದ ಕೊನೆಯ ದೋಣಿ ಧಕ್ಕೆ ಮುಟ್ಟಿದಾಗ ಕಾಮೆನಿತ್ಸದ ಮೊದಲ ದೋಣಿ ಇನ್ನೂ ಊರಿನ ಮೂಲೆ ತಿರುಗುತ್ತಿತ್ತು. ರಾತ್ರಿ ಉಡುಪಿನ ಊರು ಕುಣಿಯಿತು. ಬ್ಯಾಂಡಿನವನೊಬ್ಬ ಪ್ಯಾಂಟು ಹಾಕಿಕೊಳ್ಳದೆಯೇ ಕೊಂಬು ಊದಿದ. ಬೇಕರಿಯವಳು ಬಿಸಿ ಬ್ರೆಡ್ಡು ಹಿಡಿದು ಓಡಿ ಬಂದು ಯೆರ್ಕಾಳನ್ನು ತಬ್ಬಿಕೊಂಡಳು.

ಶಿಮೆ ಮಾತ್ರ ಮುಖ ಗಂಟು ಹಾಕಿಕೊಂಡೇ ನಿಂತಿದ್ದ. "ಗೆದ್ರಿ, ಸಂತೋಷ. ಆದ್ರೆ ಹಡಗಿನಲ್ಲಿ ಬರೋ ಜನಕ್ಕೆ ನಾನೇನು ತೋರಿಸ್ಲಿ? ನೆವೆರಾ ಬರುತ್ತೆ ಅಂತ ಹೇಳಿ ಹಬ್ಬ ಕೆಡಿಸಿದ್ರಿ. ಬರದಿದ್ರೆ ಹಗ್ಗ ನನ್ನದೇ, ನೆನಪಿರಲಿ."

"ಆಯ್ತಪ್ಪ. ಈಗ ದೋಣಿಗಳನ್ನ ಮೇಲಕ್ಕೆ ಎಳೆಸು. ಮೇಜುಗಳನ್ನ ಒಳಗೆ ತಗೋ."

"ಮೇಜು? ಸಾಧ್ಯವೇ ಇಲ್ಲ!"

ದೋಣಿಗಳನ್ನು ಹೆಂಗಸರೇ ಎಳೆದರು, ಎರಡೂ ಊರಿನವರು ಸೇರಿ. ಕಾತಾ ಒಬ್ಬಳೇ ಎರಡೆರಡು ದೋಣಿ ಹೊತ್ತಳು. ಮೇಜುಗಳು ಧಕ್ಕೆಯ ಮೇಲೇ ಉಳಿದವು, ಬಿಳಿ ಬಟ್ಟೆ, ಗಾಜಿನ ಲೋಟ, ಹೂವಿನ ಕುಂಡಗಳ ಸಮೇತ.

ಪೂಜೆಯಲ್ಲಿ ಯೆರ್ಕಾಳಿಗೆ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಕಿಟಕಿಯಲ್ಲಿ ಬಿಸಿಲು ಹೊಳೆಯುತ್ತಿತ್ತು. ಬೆಳಿಗ್ಗೆ ಊದಿದ ಯೂಗೊ ಕೂಡ ಸುಮ್ಮನಾಗಿಬಿಟ್ಟಿತ್ತು. ಶಿಮೆ ಎದುರು ಬೆಂಚಿನಿಂದ ತಿರುಗಿ ತಿರುಗಿ ನೋಡಿ ಹುಬ್ಬು ಹಾರಿಸುತ್ತಿದ್ದ. ಗೆದ್ದದ್ದು ಸುಳ್ಳಲ್ಲ, ಆದರೆ ಬಟ್ಟಲು ಅವಳಿಗೆ ಬೇಕಾದ್ದಲ್ಲ. ಇವತ್ತೂ ಕಡಲು ಸುಮ್ಮನೆ ಮಲಗಿದರೆ ಬರುವ ವರ್ಷ ಆ ಹಗ್ಗ ಹಿಡಿಯುವವನು ಇವನೇ. ಪಕ್ಕದಲ್ಲಿ ಕೂತಿದ್ದ ನೆವೆಂಕಾಳ ಕೂದಲಿನ ಒಂದು ಎಳೆಯನ್ನು ಮೆಲ್ಲಗೆ ಹಿಡಿದು ನೋಡಿದಳು. ಹಿಂಡಿದರೆ ನೀರು ಬರುವಂತಿತ್ತು.

ಜನ ಪೂಜೆ ಮುಗಿಸಿ ಹೊರಗೆ ಬಂದರು. ಗಡಿಯಾರದ ಎರಡೂ ಮುಳ್ಳು ಒಂದರ ಮೇಲೊಂದು ಬಂದಿದ್ದವು. ಬೆಟ್ಟ ತಿಳಿಯಾಗಿತ್ತು, ಒಂದು ಎಳೆ ಮೋಡ ಇಲ್ಲ. "ನೋಡಿದ್ರಾ?" ಎಂದು ಶಿಮೆ ಬೆಟ್ಟದತ್ತ ಕೈ ತೋರಿಸಿದ. "ನೋಡಿ ಎಲ್ಲರೂ!" ಎಲ್ಲರ ಕುತ್ತಿಗೆಯೂ ವಾಡಿಕೆಯಂತೆ ಅತ್ತಲೇ ತಿರುಗಿತು.

ಅವರ ಬೆನ್ನ ಹಿಂದೆ ಬಿಸಿಲು ಆರಿತು.

ಯೆರ್ಕಾ ಮಾತ್ರ ಅತ್ತ ನೋಡುತ್ತಿದ್ದಳು. ಪಡುವಣದಿಂದ ಇಜ್ಜಲಿನ ಬಣ್ಣದ ಮೋಡ ನೀರಿಗೆ ತಾಗುವಂತೆ ಬಾಗಿ ಬರುತ್ತಿತ್ತು, ಅದರ ಬುಡದಲ್ಲಿ ಕಡಲು ಬೆಳ್ಳಗೆ ಕುದಿಯುತ್ತಿತ್ತು. "ಒಳಗೆ!" ಎಂದು ಅವಳು ಕೂಗಿದಳು. "ಎಲ್ಲರೂ ಒಳಗೆ! ಮೇಜು ಬಿಡಿ, ಜನ ನೋಡ್ಕೊಳ್ಳಿ!"

ಈ ಸಲ ಯಾರೂ ಯಾಕೆಂದು ಕೇಳಲಿಲ್ಲ. ಹೋಟೆಲಿನ ಬಾಗಿಲು ಹಾಕುವಷ್ಟರಲ್ಲಿ ಬಿರುಗಾಳಿ ಅಪ್ಪಳಿಸಿತು. ಮೇಜುಬಟ್ಟೆಗಳು ಕೊಕ್ಕರೆಗಳ ಹಾಗೆ ಹಾರಿದವು. ಮೇಜುಗಳು ಒಂದರ ಹಿಂದೊಂದು ಧಕ್ಕೆಯಿಂದ ನೀರಿಗೆ ಹಾರಿದವು. ಬ್ಯಾಂಡಿನ ದೊಡ್ಡ ನಗಾರಿ ತಾನೇ ಬಾರಿಸಿಕೊಳ್ಳುತ್ತ ಉರುಳಿ ಹೋಗಿ ಕಡಲು ಸೇರಿತು. ಧಕ್ಕೆಯ ಮೇಲೆ ಅಲೆ ಹತ್ತಿತು. ದೂರದಲ್ಲಿ ಮುದುಕಿ ಇದ್ದ ಜಾಗದಲ್ಲಿ ನಡುಗಡ್ಡೆ ಕಾಣಲಿಲ್ಲ, ಬಿಳಿ ನೊರೆಯ ಕಂಬ ಮಾತ್ರ ಎದ್ದೆದ್ದು ಬೀಳುತ್ತಿತ್ತು.

ಹೋಟೆಲಿನ ಒಳಗೆ ಎಲ್ಲರೂ ಆ ಕಂಬವನ್ನೇ ನೋಡುತ್ತಿದ್ದರು. ಈ ಹೊತ್ತಿಗೆ, ಪದ್ಧತಿಯಂತೆ ಹೋಗಿದ್ದರೆ, ಹನ್ನೆರಡು ಹೆಂಗಸರು ಅತ್ತ ಹೊರಟು ಈ ನೀರಿನ ಮೇಲಿರುತ್ತಿದ್ದರು. ಶಿಮೆಯ ಮಗಳು ಕೂಡ ಅವರಲ್ಲಿ ಒಬ್ಬಳು. ಒದ್ದೆ ಕೂದಲಿನ ಆ ಹುಡುಗಿ ಮೂಲೆಯಲ್ಲಿ ಕೂತು ಕುರಿಮಾಂಸ ತಿನ್ನುತ್ತಿದ್ದಳು. ಶಿಮೆ ಅವಳನ್ನು ನೋಡಿದ, ಕಿಟಕಿಯ ಆಚೆ ನೋಡಿದ, ಮತ್ತೆ ಅವಳನ್ನು ನೋಡಿದ. ಅವನ ಕಣ್ಣು ತುಂಬಿತು. ಬಾಗಿಲು ತೆಗೆದು ಆ ಮಳೆಯಲ್ಲೇ ಹೊರಗೆ ಓಡಿದ.

"ಎಲ್ಲಿಗೆ ಹೋದ ಇವನು? ಮೇಜು ಹಿಡಿಯೋಕಾ?" ನೆವೆಂಕಾ ಕೇಳಿದಳು.

ಕಾತಾ ಅಂಜೂರದ ಸಾರಾಯಿ ರಾಕಿಯಾ ತುಂಬಿದ ಬಟ್ಟಲನ್ನು ತಂದು ಯೆರ್ಕಾಳ ಮುಂದಿಟ್ಟಳು. ಅದೇ ಬಟ್ಟಲು, ಇಷ್ಟು ವರ್ಷ ಅವಳ ಊರಿನಲ್ಲಿದ್ದದ್ದು. "ಕುಡಿ. ನನ್ನ ಜನ್ಮದಲ್ಲಿ ಸೋತು ಇಷ್ಟು ಖುಷಿಪಟ್ಟಿದ್ದು ಇದೇ ಮೊದಲು." ಯೆರ್ಕಾ ಒಂದು ಗುಟುಕು ಕುಡಿದು ಬಟ್ಟಲನ್ನು ಅವಳ ಕೈಗೇ ದಾಟಿಸಿದಳು. ಹನ್ನೆರಡು ಮಂದಿಯೂ ಒಬ್ಬರಾದ ಮೇಲೊಬ್ಬರು ಕುಡಿದರು. ಯಾರೋ ಹಾಡು ಎತ್ತಿದರು, ನಗಾರಿ ಕಳೆದುಕೊಂಡವನು ಸೌಟಿನಿಂದ ಪಾತ್ರೆ ಬಡಿದ. ಹೊರಗೆ ಗುಡುಗು, ಒಳಗೆ ಇವರದು.

ಶಿಮೆ ತೊಯ್ದು ತೊಪ್ಪೆಯಾಗಿ ಒಳಗೆ ಬಂದ. ನೇರ ಯೆರ್ಕಾಳ ಎದುರಿಗೆ ನಿಂತ.

"ಅತ್ತಿಗೆ, ಹಗ್ಗ ಇಳಿಸಿ ಕಟ್ಟಿ ಬಂದೆ."

"ಈ ಮಳೇಲಾ?"

"ಇನ್ನೊಂದು ತುಂಡು ಸೇರಿಸಿದೀನಿ. ನಿಮ್ಮ ಕೈಗೆ ಸಿಗಬೇಕು. ಸ್ಟೂಲ್ ಹತ್ತೋದೆಲ್ಲ ಬೇಡ." ಅವನು ಮುಖ ಒರೆಸಿಕೊಂಡ. ಮಳೆಯ ನೀರೋ, ಬೇರೆಯದೋ. ಆಮೇಲೆ ಧ್ವನಿ ತಗ್ಗಿಸಿ ಕೇಳಿದ, "ಇನ್ನೂ ಇದೆಯಾ ಗಾಳಿ, ಮುಗೀತಾ? ನೀವು ಹೇಳಿ."

ಹಾಡು ನಿಂತಿತು. ಎಲ್ಲರ ಕುತ್ತಿಗೆಯೂ ತಿರುಗಿತು, ಬೆಟ್ಟದ ಕಡೆಗಲ್ಲ, ಯೆರ್ಕಾಳ ಕಡೆಗೆ. ಅವಳು ಗಂಭೀರವಾಗಿ ಕೈ ಚಾಚಿ ನೆವೆಂಕಾಳ ತಲೆಯಿಂದ ಒಂದು ಎಳೆ ಹಿಡಿದು ಉಜ್ಜಿದಳು.

"ಇನ್ನೂ ಒದ್ದೆ ಇದೆ," ಎಂದಳು. "ಕೂತ್ಕೊಳ್ಳಿ, ಊಟ ಮಾಡಿ."

ಎಲ್ಲರೂ ಕೂತರು.